ಮಾತ್ರೆ ಬರುವ ಮೊದಲೇ ಮನೆಯೊಳಗೆ ಬದಲಾಗಿತ್ತು

ಓದುಗರ ಪ್ರಶ್ನೆ: ಪಾಶ್ಚಾತ್ಯ ದೇಶಗಳವರು ಲೈಂಗಿಕತೆಯ ವಿಷಯದಲ್ಲಿ ಮೊದಲಿಂದಲೂ ಇಷ್ಟು ಮುಕ್ತವಾಗಿದ್ದರಾ? ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಪಿಯಾನೋದ ಕಾಲಿಗೂ ಬಟ್ಟೆ ತೊಡಿಸುವಷ್ಟು ಮಡಿವಂತರಾಗಿದ್ದರಂತೆ. 1960ರಲ್ಲಿ ಗರ್ಭನಿರೋಧಕ ಮಾತ್ರೆ ಬಂದಿದ್ದೇ ತಡ, ಕಟ್ಟುಪಾಡೆಲ್ಲ ಕಿತ್ತುಹೋಯ್ತು ಅಂತ ಓದಿದ್ದೇನೆ. ಇದು ನಿಜವಾ?

ಉತ್ತರ: ಮೊದಲು ಪಿಯಾನೋ ವಿಷಯ ಮುಗಿಸಿಬಿಡೋಣ. ಅದು ಇಂಗ್ಲಿಷರು ಅಮೆರಿಕದವರನ್ನು ಗೇಲಿ ಮಾಡಲು ಹೇಳಿದ ಕಥೆ. ಕ್ಯಾಪ್ಟನ್ ಮ್ಯಾರಿಯಟ್ ಅನ್ನುವ ಇಂಗ್ಲಿಷ್ ನೌಕಾಪಡೆಯ ಅಧಿಕಾರಿ ಅಮೆರಿಕ ಸುತ್ತಿ ಬಂದು 1839ರಲ್ಲಿ ತನ್ನ ಪ್ರವಾಸದ ಅನುಭವ ಬರೆದ. ಅಲ್ಲಿನ ಒಂದು ಹುಡುಗಿಯರ ಶಾಲೆಯಲ್ಲಿ ಪಿಯಾನೋ ಕಾಲಿಗೆ ಪುಟ್ಟ ಚಲ್ಲಣ ಹಾಕಿದ್ದರು ಅಂತ ಅದರಲ್ಲಿ ನಕ್ಕಿದ್ದಾನೆ. ಅದು ನಿಜವೋ ಅವನೇ ಉಪ್ಪು ಖಾರ ಹಚ್ಚಿದ್ದೋ, ಬಿಡಿ. ನೂರು ವರ್ಷ ಕಳೆಯುವಷ್ಟರಲ್ಲಿ ಅದೇ ಕಥೆ ತಿರುಗಿ ಇಂಗ್ಲಿಷರ ತಲೆಗೇ ಬಂತು. ಇಂಗ್ಲೆಂಡಿನ ಮನೆಗಳಲ್ಲಿ ಹಾಗೆ ಮಾಡುತ್ತಿದ್ದರು ಅನ್ನೋದಕ್ಕೆ ಆಧಾರವಿಲ್ಲ.

ಇನ್ನು ನಿಮ್ಮ ಪ್ರಶ್ನೆಯ ಗಟ್ಟಿ ಭಾಗ. ಮೊದಲು ಎಲ್ಲ ಬಿಗಿ, ಮಾತ್ರೆ ಬಂತು, ಎಲ್ಲ ಸಡಿಲ ಅನ್ನುವ ಲೆಕ್ಕ ತಪ್ಪು. ಎಷ್ಟೋ ವಿಷಯಗಳಲ್ಲಿ ಜನ ಮನೆಯೊಳಗೆ ಮೊದಲು ಬದಲಾದರು. ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಎರಡು ಮೂರು ತಲೆಮಾರು ಬೇಕಾಯ್ತು. ಚರ್ಚು, ಕೋರ್ಟು, ಪಾರ್ಲಿಮೆಂಟು ಎಲ್ಲರಿಗಿಂತ ಕೊನೆಗೆ ಬಂದವು. ಹೆಚ್ಚಾಗಿ ಇಂಗ್ಲೆಂಡು, ಅಮೆರಿಕದ ಉದಾಹರಣೆ ಕೊಡ್ತೀನಿ, ಯಾಕಂದ್ರೆ ದಾಖಲೆ ಚೆನ್ನಾಗಿ ಉಳಿದಿರೋದು ಅಲ್ಲಿ.

ಹಳೆಯ ಕಾಲದ ಚರ್ಚು ಬಿಗಿಯಾಗಿತ್ತು ಅನ್ನೋದು ನಿಜ. ಗಂಡ ಹೆಂಡತಿ ಸೇರಬೇಕಾದದ್ದು ಮಕ್ಕಳಿಗಾಗಿ, ಅದರಲ್ಲಿನ ಸುಖದಾಸೆಗೆ ಪಾಪದ ಸೋಂಕು ಇದೆ ಅಂತ ಸಂತ ಅಗಸ್ಟೀನ್ 5ನೇ ಶತಮಾನದ ಹೊತ್ತಿಗೇ ಹೇಳಿಬಿಟ್ಟಿದ್ದ. ಭಾನುವಾರ ಬೇಡ, ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ವ್ರತದಲ್ಲಿ ಬೇಡ ಅಂತ ಪಾದ್ರಿಗಳ ಕೈಪಿಡಿಗಳಲ್ಲಿ ಪಟ್ಟಿಯೇ ಇರುತ್ತಿತ್ತು. ಇಂಗ್ಲೆಂಡಿನಲ್ಲಿ ಹಾದರದ ದೂರು ಬಂದರೆ ಚರ್ಚಿನ ಕೋರ್ಟು ವಿಚಾರಣೆ ಮಾಡುತ್ತಿತ್ತು. ತಪ್ಪು ಸಾಬೀತಾದವರು ಬಿಳಿ ಬಟ್ಟೆ ಹೊದ್ದು, ಊರಿನವರೆಲ್ಲರ ಎದುರು ಚರ್ಚಿನಲ್ಲಿ ನಿಂತು ತಪ್ಪೊಪ್ಪಿಕೊಳ್ಳಬೇಕಿತ್ತು. ಪ್ಯೂರಿಟನ್ನರು ಅನ್ನುವ ಕಟ್ಟಾ ಪ್ರಾಟೆಸ್ಟೆಂಟ್ ಕ್ರೈಸ್ತರ ಕೈಗೆ ಅಧಿಕಾರ ಸಿಕ್ಕಾಗ 1650ರಲ್ಲಿ ಹಾದರಕ್ಕೆ ಮರಣದಂಡನೆ ಅಂತಲೇ ಕಾನೂನು ಮಾಡಿದರು. ಆದರೆ ನೆರೆಹೊರೆಯವರನ್ನು ನೇಣಿಗೆ ಕಳಿಸಲು ಜ್ಯೂರಿಗಳು ಒಪ್ಪಲಿಲ್ಲ. ಹತ್ತು ವರ್ಷದಲ್ಲಿ ಅವರ ಆಡಳಿತ ಮುಗಿದು ರಾಜ ಮತ್ತೆ ಬಂದ, ಕಾನೂನು ಮೂಲೆಗೆ ಬಿತ್ತು. ತಮಾಷೆ ಅಂದ್ರೆ, ಮಡಿವಂತಿಕೆಗೆ ಹೆಸರಾದ ಇದೇ ಪ್ಯೂರಿಟನ್ನರು ಮದುವೆಯೊಳಗಿನ ಸುಖವನ್ನು ಕರ್ತವ್ಯ ಅಂತ ಭಾವಿಸಿದ್ದರು. 1640ರ ಸುಮಾರಿಗೆ ಅಮೆರಿಕದ ಬಾಸ್ಟನ್ನಿನಲ್ಲಿದ್ದ ಅವರದೇ ಚರ್ಚೊಂದು, ಎರಡು ವರ್ಷ ಹೆಂಡತಿಯ ಹತ್ತಿರ ಹೋಗದ ಗಂಡನೊಬ್ಬನನ್ನು ಸಭೆಯಿಂದಲೇ ಹೊರಗೆ ಹಾಕಿತ್ತು!

ಈಗ 18ನೇ ಶತಮಾನಕ್ಕೆ ಬನ್ನಿ. ಇಲ್ಲಿ ಮದುವೆಯ ದಿನಾಂಕ ಮತ್ತು ಮೊದಲ ಮಗುವಿನ ದೀಕ್ಷಾಸ್ನಾನದ ದಿನಾಂಕ ಎರಡನ್ನೂ ಚರ್ಚಿನ ದಫ್ತರದಲ್ಲಿ ಪಕ್ಕಪಕ್ಕ ಇಟ್ಟು ಇತಿಹಾಸಕಾರರು ತಿಂಗಳು ಎಣಿಸಿದ್ದಾರೆ. ಆ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲೂ ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲೂ ಸುಮಾರು ಮೂರು ಮದುಮಗಳರಲ್ಲಿ ಒಬ್ಬಳು ಮದುವೆ ದಿನವೇ ಬಸಿರು. ಹಳ್ಳಿಯಲ್ಲಿ ಇದು ಹಗರಣವೇನೂ ಆಗಿರಲಿಲ್ಲ. ಹುಡುಗ ಮಾತು ಕೊಟ್ಟ, ಇಬ್ಬರೂ ಸೇರಿದರು, ಹೊಟ್ಟೆ ಕಂಡಿತು, ಮದುವೆಯಾಯ್ತು. ಹುಡುಗ ಕೈಕೊಡಲು ಹೋದರೆ ಅಪ್ಪ, ಪಾದ್ರಿ, ಧಣಿ ಎಲ್ಲ ಸೇರಿ ಹಿಡಿದು ತರುತ್ತಿದ್ದರು.

ಈ ಏರ್ಪಾಡು ಮುರಿದದ್ದು ಹುಡುಗರು ಹಳ್ಳಿ ಬಿಟ್ಟು ಕಾರ್ಖಾನೆ ಊರುಗಳಿಗೆ ಹೋದಾಗ. ಮಾತು ಕೊಟ್ಟವನು ಮ್ಯಾಂಚೆಸ್ಟರಿನ ಜನಜಂಗುಳಿಯಲ್ಲಿ ಕರಗಿಹೋದರೆ ಯಾರು ಹುಡುಕೋದು? ಮದುವೆಯಿಲ್ಲದ ಹೆರಿಗೆಗಳು ಏರಿದವು. ಅದಕ್ಕೆ ಸರ್ಕಾರ ಕಂಡುಕೊಂಡ ಉಪಾಯ ನೋಡಿ. 1834ರ ಹೊಸ ಬಡವರ ಕಾಯ್ದೆ, ಇಂಥ ಮಗುವಿನ ಹೊಣೆಯನ್ನು ಹೆಚ್ಚುಕಡಿಮೆ ಪೂರ್ತಿ ತಾಯಿಯ ತಲೆಗೆ ಕಟ್ಟಿತು. ಅಪ್ಪನಿಂದ ಹಣ ವಸೂಲಿ ಮಾಡೋದು ಬಹಳ ಕಷ್ಟವಾಯ್ತು. 1857ರ ವಿಚ್ಛೇದನ ಕಾಯ್ದೆಯೂ ಅದೇ ದಾರಿ ಹಿಡಿಯಿತು. ಹೆಂಡತಿ ಒಮ್ಮೆ ತಪ್ಪಿದರೆ ಗಂಡನಿಗೆ ಬಿಡುಗಡೆ. ಗಂಡ ತಪ್ಪಿದರೆ ಅಷ್ಟು ಸಾಲದು, ಅವನು ಹೊಡೆದದ್ದನ್ನೋ ಬಿಟ್ಟುಹೋದದ್ದನ್ನೋ ಹೆಂಡತಿ ಬೇರೆಯಾಗಿ ಸಾಬೀತು ಮಾಡಬೇಕು. ಇದು ಸರಿಹೋಗಿದ್ದು 1923ರಲ್ಲಿ. ನನ್ನನ್ನು ಕೇಳಿದರೆ, ನಾವು ವಿಕ್ಟೋರಿಯನ್ ಮಡಿವಂತಿಕೆ ಅನ್ನೋದು ಅನಾದಿ ಕಾಲದ ಸಂಪ್ರದಾಯವೇನಲ್ಲ. ಊರಿನ ಹಿಡಿತ ತಪ್ಪಿದ ಮೇಲೆ, ಮಾನದ ಭಾರವನ್ನೆಲ್ಲ ಹೆಂಗಸಿನ ಮೇಲೆ ಹೇರಿ ಕಟ್ಟಿದ ಹೊಸ ವ್ಯವಸ್ಥೆ ಅದು.

ಇದಕ್ಕೆ ಡಾಕ್ಟರುಗಳ ಬೆಂಬಲ ಬೇರೆ. ಹಸ್ತಮೈಥುನದಿಂದ ಕಣ್ಣು ಹೋಗುತ್ತೆ, ತಲೆ ಕೆಡುತ್ತೆ ಅನ್ನುವ ಭಯವನ್ನು ಯುರೋಪಿನ ತುಂಬ ಹರಡಿದ್ದು 1760ರಲ್ಲಿ ಟಿಸೋ ಅನ್ನುವ ಸ್ವಿಸ್ ವೈದ್ಯ ಬರೆದ ಪುಸ್ತಕ. ಪಾಪ ಅಂತ ಪಾದ್ರಿ ಹೇಳುತ್ತಿದ್ದದ್ದನ್ನು ಡಾಕ್ಟರು ರೋಗ ಅಂದ, ಅಷ್ಟೇ ವ್ಯತ್ಯಾಸ. 1857ರಲ್ಲಿ ವಿಲಿಯಂ ಆ್ಯಕ್ಟನ್ ಅನ್ನುವ ಲಂಡನ್ ವೈದ್ಯ, ಬಹುಪಾಲು ಹೆಂಗಸರಿಗೆ ಕಾಮದ ಬಾಧೆ ಅಷ್ಟಾಗಿ ಇಲ್ಲ ಅಂತ ಬರೆದ. ಇವತ್ತಿಗೂ ವಿಕ್ಟೋರಿಯನ್ ಕಾಲದ ಬಗ್ಗೆ ಬರೆಯುವವರು ಮೊದಲು ಎತ್ತಿ ತೋರಿಸೋದು ಈ ಮಾತನ್ನೇ.

ಹೆಂಗಸರನ್ನೇ ಯಾರಾದರೂ ಕೇಳಿದ್ದರಾ? ಒಬ್ಬರು ಕೇಳಿದ್ದರು. ಕ್ಲೀಲಿಯಾ ಮೋಷರ್ ಅನ್ನುವ ಅಮೆರಿಕದ ವಿದ್ಯಾರ್ಥಿನಿ 1892ರಲ್ಲಿ ಮದುವೆಯಾದ ಹೆಂಗಸರಿಗೆ ಒಂದು ಪ್ರಶ್ನಾವಳಿ ಕೊಡಲು ಶುರು ಮಾಡಿದಳು. ಮುಂದೆ ಆಕೆ ಡಾಕ್ಟರಾಗಿ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರೊಫೆಸರ್ ಆದಳು. ಸುಮಾರು ಮೂರು ದಶಕ ಬಿಟ್ಟು ಬಿಟ್ಟು ಮಾಡಿದ ಕೆಲಸ, ಸಿಕ್ಕ ಉತ್ತರ 45. ಆಸೆ ಆಗುತ್ತಾ, ಸುಖ ಸಿಗುತ್ತಾ, ವಾರಕ್ಕೆಷ್ಟು ಸಲ, ಬಸಿರು ತಪ್ಪಿಸಲು ಏನು ಮಾಡ್ತೀರಿ ಅಂತ ನೇರ ಪ್ರಶ್ನೆಗಳು. ಉತ್ತರಿಸಿದ ಹೆಚ್ಚಿನವರು 1870ಕ್ಕೆ ಮೊದಲೇ ಹುಟ್ಟಿದವರು. 45ರಲ್ಲಿ 35 ಜನ ತಮಗೆ ಆಸೆ ಆಗುತ್ತೆ ಅಂದರು. 34 ಜನ ಪರಾಕಾಷ್ಠೆಯ ಸುಖ ಉಂಡಿದ್ದೇವೆ ಅಂದರು. ಮೋಷರ್ ಇದನ್ನು ಅಚ್ಚು ಹಾಕಿಸಲೇ ಇಲ್ಲ. ಆಕೆ ತೀರಿಕೊಂಡು ಮೂವತ್ತು ವರ್ಷ ಕಳೆದ ಮೇಲೆ, 1973ರಲ್ಲಿ, ಕಾರ್ಲ್ ಡೆಗ್ಲರ್ ಅನ್ನುವ ಇತಿಹಾಸಕಾರನಿಗೆ ವಿಶ್ವವಿದ್ಯಾಲಯದ ದಾಖಲೆ ಸಂಗ್ರಹದಲ್ಲಿ ಈ ಹಾಳೆಗಳು ಸಿಕ್ಕವು. ಓದುಬರಹ ಬಲ್ಲ ಮಧ್ಯಮ ವರ್ಗದ 45 ಜನ ಇಡೀ ದೇಶವನ್ನು ಪ್ರತಿನಿಧಿಸೋದಿಲ್ಲ, ಒಪ್ಪಿದೆ. ಆದರೆ ಆ್ಯಕ್ಟನ್ ಒಬ್ಬನ ಮಾತನ್ನು ನಂಬೋದಕ್ಕಿಂತ ಈ 45 ಜನರ ಮಾತನ್ನು ನಂಬೋದು ವಾಸಿ ಅಲ್ವಾ?

ಇನ್ನೊಂದು ಸಾಕ್ಷಿ ಇದೆ, ಇದು ಇನ್ನೂ ಗಟ್ಟಿ. 1860ರ ದಶಕದಲ್ಲಿ ಮದುವೆಯಾದ ಇಂಗ್ಲಿಷ್ ದಂಪತಿಗೆ ಸರಾಸರಿ ಆರು ಮಕ್ಕಳು. 1920ರ ದಶಕದಲ್ಲಿ ಮದುವೆಯಾದವರಿಗೆ ಎರಡು ಚಿಲ್ಲರೆ. ಮಾತ್ರೆ ಇಲ್ಲ, ಕಾಪರ್-ಟಿ ಇಲ್ಲ. ಫ್ರಾನ್ಸಿನಲ್ಲಂತೂ ಈ ಇಳಿತ 18ನೇ ಶತಮಾನದ ಕೊನೆಗೇ ಶುರುವಾಗಿತ್ತು. ಹೇಗೆ ಮಾಡಿದರು? ಕಾಂಡೋಮ್ ಇತ್ತು, ಆದರೆ ಅದಕ್ಕೆ ಕೆಟ್ಟ ಹೆಸರು. 1763ರ ಲಂಡನ್ನಿನಲ್ಲಿ ಪೋಲಿ ಅಲೆಯುತ್ತಿದ್ದ ಬರಹಗಾರ ಜೇಮ್ಸ್ ಬಾಸ್ವೆಲ್ ತನ್ನ ದಿನಚರಿಯಲ್ಲಿ ಅದನ್ನು 'ಕವಚ' ಅಂತ ಕರೆಯುತ್ತಾನೆ. ಪ್ರಾಣಿಯ ಕರುಳಿನಿಂದ ಮಾಡಿದ್ದು, ಸೂಳೆಗೇರಿಗೆ ಹೋಗುವವರು ರೋಗದ ಭಯಕ್ಕೆ ಹಾಕಿಕೊಳ್ಳುತ್ತಿದ್ದದ್ದು. 19ನೇ ಶತಮಾನದ ಮಧ್ಯದಲ್ಲಿ ರಬ್ಬರಿನದು ಬಂದರೂ ಆ ಹೆಸರು ಅಳಿಸಲಿಲ್ಲ. ಹೆಂಡತಿಯ ಮುಂದೆ ಅದನ್ನು ತೆಗೆಯೋದೇ ಅವಮಾನ. ಹಾಗಾಗಿ ಹೆಚ್ಚಿನ ಮನೆಗಳಲ್ಲಿ ನಡೆದದ್ದು ಎರಡೇ: ದೂರ ಮಲಗೋದು, ಇಲ್ಲವೇ ಕೊನೆ ಗಳಿಗೆಯಲ್ಲಿ ಗಂಡ ಹಿಂದೆ ಸರಿಯೋದು. ಲಿವರ್‌ಪೂಲ್ ಕಡೆಯವರು ಈ ಎರಡನೆಯದನ್ನು 'ಎಡ್ಜ್ ಹಿಲ್‌ನಲ್ಲಿ ಇಳಿಯೋದು' ಅನ್ನುತ್ತಿದ್ದರು. ಎಡ್ಜ್ ಹಿಲ್ ಅಂದ್ರೆ ಲಿವರ್‌ಪೂಲ್ ಮುಖ್ಯ ನಿಲ್ದಾಣಕ್ಕಿಂತ ಒಂದು ಸ್ಟೇಷನ್ ಮೊದಲು. ಇದೂ ಸಾಲದೆ ಬಸಿರು ನಿಂತರೆ ಕದ್ದುಮುಚ್ಚಿ ಗರ್ಭಪಾತ, ಅದರಲ್ಲಿ ಎಷ್ಟೋ ಹೆಂಗಸರ ಜೀವ ಹೋಯಿತು.

ನೋಡಿ, ಇಷ್ಟೆಲ್ಲ ಮನೆಮನೆಯಲ್ಲಿ ನಡೆಯುತ್ತಿರುವಾಗಲೇ ಅದರ ಬಗ್ಗೆ ಒಂದು ಪುಸ್ತಕ ಮಾರಿದರೆ ಜೈಲು. 1877ರಲ್ಲಿ ನಾಸ್ತಿಕವಾದಿ ಮುಖಂಡ ಚಾರ್ಲ್ಸ್ ಬ್ರಾಡ್ಲಾ ಮತ್ತು ಆ್ಯನಿ ಬೆಸೆಂಟ್ ಹಾಗೆ ಸಿಕ್ಕಿಬಿದ್ದರು, ಬೇಕೆಂತಲೇ. ಹೌದು, ಮುಂದೆ ನಮ್ಮ ಕಾಂಗ್ರೆಸ್ಸಿನ ಅಧ್ಯಕ್ಷೆಯಾದ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನ ಹುಟ್ಟಿಗೂ ಕಾರಣರಾದ ಅದೇ ಬೆಸೆಂಟ್. ಆಗ ಅವರಿಗೆ 29 ವರ್ಷ, ಪಾದ್ರಿ ಗಂಡನಿಂದ ದೂರವಾಗಿದ್ದರು. ನೋಲ್ಟನ್ ಅನ್ನುವ ಅಮೆರಿಕದ ಡಾಕ್ಟರೊಬ್ಬ 1830ರ ದಶಕದಲ್ಲಿ ಸಂತಾನ ತಡೆಯುವ ವಿಧಾನಗಳ ಬಗ್ಗೆ ಬರೆದು ತಾನೂ ಜೈಲು ಕಂಡಿದ್ದ ಕಿರುಹೊತ್ತಿಗೆಯನ್ನು ಇವರಿಬ್ಬರೂ ಆರು ಪೆನ್ನಿ ಬೆಲೆಗೆ ಮತ್ತೆ ಅಚ್ಚು ಹಾಕಿಸಿದರು. ಸರ್ಕಾರದ ಸಿಟ್ಟಿಗೆ ಆ ಬೆಲೆಯೂ ಕಾರಣ. ದುಬಾರಿ ವೈದ್ಯಕೀಯ ಪುಸ್ತಕದಲ್ಲಿ ಇದ್ದರೆ ಪರವಾಗಿಲ್ಲ, ಕೂಲಿಯವಳು ಕೊಳ್ಳುವ ಬೆಲೆಗೆ ಸಿಕ್ಕರೆ ಅಪರಾಧ! ಬೆಸೆಂಟ್ ವಕೀಲರನ್ನಿಡದೆ ತಾವೇ ವಾದಿಸಿದರು. ಹೆಂಗಸೊಬ್ಬಳು ತುಂಬಿದ ಕೋರ್ಟಿನಲ್ಲಿ ನಿಂತು ಗರ್ಭ ನಿಲ್ಲುವುದರ ಬಗ್ಗೆ ಮಾತಾಡೋದು ಯಾರೂ ಕಂಡು ಕೇಳಿದ ವಿಷಯವಲ್ಲ. ಜ್ಯೂರಿಯ ತೀರ್ಪು ವಿಚಿತ್ರವಾಗಿತ್ತು. ಪುಸ್ತಕ ಜನರ ನೀತಿ ಕೆಡಿಸುವಂಥದ್ದು, ಆದರೆ ಇವರ ಉದ್ದೇಶ ಕೆಟ್ಟದ್ದಲ್ಲ ಅಂದರು. ಆರು ತಿಂಗಳ ಸಜೆಯಾಯ್ತು, ಮೇಲ್ಮನವಿಯಲ್ಲಿ ತಾಂತ್ರಿಕ ಕಾರಣಕ್ಕೆ ಬಿದ್ದುಹೋಯ್ತು. ಅಷ್ಟರಲ್ಲಿ ವರ್ಷಕ್ಕೆ ಸಾವಿರ ಪ್ರತಿಯೂ ಖರ್ಚಾಗದ ಪುಸ್ತಕ ಲಕ್ಷ ದಾಟಿತ್ತು.

ಬೆಸೆಂಟ್ ತೆತ್ತ ಬೆಲೆ ಬೇರೆ. ಇಂಥ ಪುಸ್ತಕ ಹಂಚುವ ತಾಯಿ ಮಗಳನ್ನು ಸಾಕಲು ಯೋಗ್ಯಳಲ್ಲ ಅಂತ 1878ರಲ್ಲಿ ಕೋರ್ಟು ಮಗು ಮೇಬಲ್‌ಳನ್ನು ಕಿತ್ತುಕೊಂಡು ಗಂಡನಿಗೆ ಕೊಟ್ಟಿತು. ಇನ್ನೊಂದು ವಿಷಯ ಹೇಳದಿದ್ದರೆ ಕಥೆ ಅರ್ಧ. ಥಿಯಾಸಫಿ ಅನ್ನುವ ಅಧ್ಯಾತ್ಮ ಪಂಥಕ್ಕೆ ಬಂದ ಮೇಲೆ ಬೆಸೆಂಟ್ ತಾವೇ ಬರೆದಿದ್ದ ಸಂತಾನ ನಿಯಂತ್ರಣದ ಪುಸ್ತಿಕೆಯನ್ನು 1891ರಲ್ಲಿ ವಾಪಸ್ ಪಡೆದರು. ಒಬ್ಬ ವ್ಯಕ್ತಿಯ ನಿಲುವೇ ಹೀಗೆ ಹಿಂದೆ ಮುಂದೆ ಆಗುವಾಗ ಇಡೀ ಸಮಾಜದ್ದು ನೇರ ಗೆರೆಯಲ್ಲಿ ಸಾಗುತ್ತೆ ಅಂದ್ಕೊಳ್ಳೋದು ಹೇಗೆ?

ಮೊದಲ ಮಹಾಯುದ್ಧ ಬಾಯಿ ಬಿಡಿಸಿತು. ಬ್ರಿಟಿಷ್ ಸಾಮ್ರಾಜ್ಯದ ಸೈನಿಕರಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ ಗುಹ್ಯರೋಗದ ಪ್ರಕರಣಗಳು ಆಸ್ಪತ್ರೆಗೆ ಬಂದವು. ಇದನ್ನು ಮುಚ್ಚಿಡೋದು ಸಾಧ್ಯವಿರಲಿಲ್ಲ. 1918ರಲ್ಲಿ ಮೇರಿ ಸ್ಟೋಪ್ಸ್ ದಂಪತಿಗಳಿಗಾಗಿ ಬರೆದ ಪುಸ್ತಕ ಬಿಸಿಬಿಸಿ ಮಾರಾಟವಾಯ್ತು. ಆಕೆ ವೈದ್ಯೆಯಲ್ಲ, ಸಸ್ಯಶಾಸ್ತ್ರಜ್ಞೆ. ತನ್ನ ಮೊದಲ ಮದುವೆಯಲ್ಲಿ ದೇಹ ಸಂಬಂಧವೇ ನಡೆದಿಲ್ಲ ಅಂತ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಂಡಿದ್ದಳು. ಹೆಂಡತಿಗೂ ಸುಖದ ಹಕ್ಕಿದೆ ಅಂದದ್ದಕ್ಕೆ ಸಾವಿರಾರು ಕಾಗದಗಳು ಬಂದವು, ಪಾದ್ರಿಗಳೂ ಬರೆದರು. 1921ರಲ್ಲಿ ಲಂಡನ್ನಿನಲ್ಲಿ ಕ್ಲಿನಿಕ್ ತೆರೆದಳು. ಆದರೆ ಆಕೆಯನ್ನು ಸುಮ್ನೆ ದೇವತೆ ಮಾಡಬೇಡಿ. 'ಕೆಳಮಟ್ಟದ' ಜನ ಹೆಚ್ಚು ಹೆರಬಾರದು ಅನ್ನುವ ಯುಜೆನಿಕ್ಸ್ ವಾದವನ್ನು ಆಕೆ ಗಟ್ಟಿಯಾಗಿ ನಂಬಿದ್ದಳು. ಆ ಕಾಲದ ಸಂತಾನ ನಿಯಂತ್ರಣ ಚಳವಳಿಯಲ್ಲಿ ಈ ವಿಷ ಬೆರೆತಿತ್ತು.

1930 ನನಗೆ ಬಹಳ ಕುತೂಹಲದ ವರ್ಷ. ಆ ಆಗಸ್ಟಿನಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಸೇರಿದ ಆಂಗ್ಲಿಕನ್ ಬಿಷಪ್ಪರು, ಹತ್ತು ವರ್ಷ ಹಿಂದೆ ತಾವೇ ಖಂಡಿಸಿದ್ದ ಗರ್ಭನಿರೋಧವನ್ನು ಮದುವೆಯೊಳಗೆ, ತಕ್ಕ ಕಾರಣವಿದ್ದರೆ ಆಗಬಹುದು ಅಂದರು. ಪರವಾಗಿ 193 ಮತ, ವಿರೋಧವಾಗಿ 67. ಡಿಸೆಂಬರ್ ಕೊನೆಗೆ ಪೋಪ್ ಖಡಾಖಂಡಿತವಾಗಿ ಆಗದು ಅಂದರು. ಇದಕ್ಕೂ ಮೊದಲೇ, ಅದೇ ವರ್ಷದ ಜೂನ್‌ನಲ್ಲಿ, ನಮ್ಮ ಮೈಸೂರು ಸಂಸ್ಥಾನದ ಸರ್ಕಾರ ಬೆಂಗಳೂರು, ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿಯಾಗಿತ್ತು. ಸರ್ಕಾರವೇ ನಡೆಸಿದ ಕ್ಲಿನಿಕ್ಕುಗಳಲ್ಲಿ ಇವು ಜಗತ್ತಿಗೇ ಮೊದಲು ಅಂತ ಹೆಸರು. ಪಶ್ಚಿಮದವರು ಮುಂದೆ, ನಾವು ಹಿಂದೆ ಅನ್ನುವವರಿಗೆ ಈ ತಾರೀಕುಗಳನ್ನು ತೋರಿಸಿ.

ಈ ಹೊತ್ತಿಗೆ ಮದುವೆಗೆ ಮೊದಲಿನ ಸಂಬಂಧವೂ ಬದಲಾಗಿತ್ತು. ಇದು ಗೊತ್ತಾಗಿದ್ದು 1953ರಲ್ಲಿ, ಇಂಡಿಯಾನಾ ವಿಶ್ವವಿದ್ಯಾಲಯದ ಆಲ್ಫ್ರೆಡ್ ಕಿನ್ಸಿ ಅಮೆರಿಕದ ಹೆಂಗಸರ ಬಗ್ಗೆ ವರದಿ ಕೊಟ್ಟಾಗ. ಆತ ಮೂಲತಃ ಕೀಟಶಾಸ್ತ್ರಜ್ಞ. ಅವನು ಮಾತಾಡಿಸಿದ ಮದುವೆಯಾದ ಹೆಂಗಸರಲ್ಲಿ ಅರ್ಧದಷ್ಟು ಜನ ಮದುವೆಗೆ ಮೊದಲೇ ಸಂಬಂಧ ಹೊಂದಿದ್ದರು. ಮುಖ್ಯ ವಿಷಯ ಏನಂದ್ರೆ, ದೊಡ್ಡ ಜಿಗಿತ ಕಂಡದ್ದು 1900ಕ್ಕೆ ಮೊದಲು ಹುಟ್ಟಿದವರಿಗೂ ಆಮೇಲೆ ಹುಟ್ಟಿದವರಿಗೂ ನಡುವೆ. ಅಂದ್ರೆ 1920ರ ದಶಕದಲ್ಲಿ ಹರೆಯಕ್ಕೆ ಬಂದವರಲ್ಲಿ, ಮಾತ್ರೆಗೆ ನಲವತ್ತು ವರ್ಷ ಮೊದಲು. ಕಿನ್ಸಿ ಆರಿಸಿಕೊಂಡ ಜನರ ಬಗ್ಗೆ ತಕರಾರು ಇದೆ. ಹೆಚ್ಚಿನವರು ಬಿಳಿಯರು, ಓದಿದವರು, ತಾವಾಗೇ ಮುಂದೆ ಬಂದವರು. ಆದರೂ ತಲೆಮಾರುಗಳ ನಡುವಿನ ಈ ಅಂತರವನ್ನು ತಳ್ಳಿಹಾಕೋದು ಕಷ್ಟ.

ಸರಿ, ಹಾಗಾದ್ರೆ ಮಾತ್ರೆ ಮಾಡಿದ್ದೇನು? 1960ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಅದಕ್ಕೆ ಮೊದಲು ಪೋರ್ಟೊ ರಿಕೊದ ಬಡ ಹೆಂಗಸರ ಮೇಲೆ, ಇವತ್ತಿಗೆ ಹೋಲಿಸಿದರೆ ವಿಪರೀತ ಡೋಸಿನಲ್ಲಿ ಪರೀಕ್ಷೆ ನಡೆದಿತ್ತು, ಅದನ್ನು ಮರೆಯಬಾರದು. ಆದರೆ 1960ರಲ್ಲೇ ಹುಡುಗಿಯರೆಲ್ಲ ಅಂಗಡಿಗೆ ಹೋಗಿ ಕೊಂಡರು ಅಂದ್ಕೋಬೇಡಿ. ಕನೆಕ್ಟಿಕಟ್ ರಾಜ್ಯದಲ್ಲಿ ಗಂಡ ಹೆಂಡತಿ ಗರ್ಭನಿರೋಧಕ ಬಳಸೋದೇ ಅಪರಾಧ ಅನ್ನುವ 1879ರ ಕಾನೂನು ಇನ್ನೂ ಇತ್ತು. ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿದ್ದು 1965ರಲ್ಲಿ, ಅದೂ ಮದುವೆಯಾದವರ ಮಟ್ಟಿಗೆ. ಮದುವೆಯಾಗದವರಿಗೆ ಆ ಹಕ್ಕು ಸಿಕ್ಕಿದ್ದು 1972ರಲ್ಲಿ. ಬ್ರಿಟನ್ನಿನಲ್ಲೂ ಮೊದಮೊದಲು ಮದುವೆಯಾದವರಿಗೇ ಕೊಡುತ್ತಿದ್ದರು, ಎಲ್ಲರಿಗೂ ಪುಕ್ಕಟೆ ಸಿಕ್ಕಿದ್ದು 1974ರಲ್ಲಿ.

ಮಾತ್ರೆ ನಿಜವಾಗಿ ಬದಲಿಸಿದ್ದು ಯಾರ ಕೈಯಲ್ಲಿ ನಿರ್ಧಾರ ಅನ್ನೋದನ್ನು. ಎಡ್ಜ್ ಹಿಲ್‌ನಲ್ಲಿ ಇಳಿಯಬೇಕಾದವನು ಗಂಡ, ಅವನು ಇಳಿಯದಿದ್ದರೆ ಹೆಂಡತಿ ಏನು ಮಾಡಬೇಕು? ಮಾತ್ರೆಯನ್ನು ಬೆಳಿಗ್ಗೆ ಕಾಫಿ ಜೊತೆ, ಯಾರನ್ನೂ ಕೇಳದೆ ನುಂಗಬಹುದು. 1970ರ ದಶಕದಲ್ಲಿ ಅಮೆರಿಕದ ವೈದ್ಯಕೀಯ, ಕಾನೂನು ಕಾಲೇಜುಗಳಿಗೆ ಹುಡುಗಿಯರು ದಂಡಾಗಿ ಸೇರಿದ್ದಕ್ಕೆ ಇದೂ ಒಂದು ಕಾರಣ ಅಂತ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಇದರ ಜೊತೆಗೆ ಪೆನಿಸಿಲಿನ್ನನ್ನು ಸೇರಿಸಿ. 1940ರ ದಶಕದಲ್ಲಿ ಅದು ಸಿಫಿಲಿಸ್ಸಿನ ಭಯ ಕಳೆಯಿತು. ಇದನ್ನು ಯಾಕೋ ಯಾರೂ ನೆನೆಸೋದಿಲ್ಲ.

ಐರ್ಲೆಂಡಿನ ಒಂದು ಪ್ರಸಂಗ ಹೇಳಲೇಬೇಕು. ಅಲ್ಲಿ 1935ರಿಂದ ಗರ್ಭನಿರೋಧಕಗಳನ್ನು ಮಾರೋದು, ತರಿಸೋದು ಎರಡೂ ನಿಷಿದ್ಧ. 1971ರ ಮೇ 22ರಂದು ಡಬ್ಲಿನ್ನಿನ ಐವತ್ತರ ಹತ್ತಿರ ಹತ್ತಿರ ಹೆಂಗಸರು ರೈಲು ಹತ್ತಿ, ಗಡಿಯಾಚೆ ಬ್ರಿಟಿಷ್ ಕಾನೂನಿರುವ ಬೆಲ್‌ಫಾಸ್ಟ್‌ಗೆ ಹೋದರು. ಮಾತ್ರೆ ಕೇಳಿದರೆ ಔಷಧಿ ಅಂಗಡಿಯವನು ಡಾಕ್ಟರ ಚೀಟಿ ಕೇಳಿದ. ಚೀಟಿ ಯಾರ ಹತ್ತಿರವೂ ಇಲ್ಲ. ಆಸ್ಪಿರಿನ್ ಕೊಂಡುಕೊಂಡರು. ಕಸ್ಟಮ್ಸಿನವರಿಗೆ ಈ ಬಿಳಿ ಮಾತ್ರೆ ಯಾವುದು ಅಂತ ಏನು ಗೊತ್ತಾಗಬೇಕು! ಡಬ್ಲಿನ್ ನಿಲ್ದಾಣದಲ್ಲಿ ಇಳಿದು, ಕ್ಯಾಮೆರಾಗಳ ಎದುರು ಕಾಂಡೋಮ್ ಪೊಟ್ಟಣ, ಜೆಲ್ಲಿ ಎಲ್ಲ ಎತ್ತಿ ತೋರಿಸಿದರು. ಅಧಿಕಾರಿಗಳು ತಲೆ ತಗ್ಗಿಸಿ ದಾರಿ ಬಿಟ್ಟರು. ಕಾನೂನು ಮಾತ್ರ ಮಿಸುಕಲಿಲ್ಲ. 1979ರಲ್ಲಿ ಡಾಕ್ಟರ ಚೀಟಿ ಇದ್ದರೆ ಕಾಂಡೋಮ್ ಕೊಳ್ಳಬಹುದು ಅಂತಾಯ್ತು. ಚೀಟಿಯಿಲ್ಲದೆ ಸಿಕ್ಕಿದ್ದು 1985ರಲ್ಲಿ.

ಸಲಿಂಗಕಾಮದ ವಿಷಯದಲ್ಲಿ ದಾರಿ ಸ್ವಲ್ಪ ಬೇರೆ. ಇಂಗ್ಲೆಂಡಿನಲ್ಲಿ ಅದಕ್ಕೆ ಕೊನೆಯ ಸಲ ಗಲ್ಲಿಗೇರಿಸಿದ್ದು 1835ರಲ್ಲಿ. 1861ರಲ್ಲಿ ಮರಣದಂಡನೆ ಹೋಯ್ತು. ಸಡಿಲವಾಯ್ತು ಅನ್ನುವಷ್ಟರಲ್ಲಿ 1885ರಲ್ಲಿ ಗಂಡಸರ ನಡುವಿನ ಯಾವುದೇ 'ಅಸಭ್ಯ' ನಡತೆಯೂ ಅಪರಾಧ ಅನ್ನುವ ತಿದ್ದುಪಡಿ ಬಂತು. ಸಾಹಿತಿ ಆಸ್ಕರ್ ವೈಲ್ಡ್ 1895ರಲ್ಲಿ ಎರಡು ವರ್ಷದ ಕಠಿಣ ಸಜೆಗೆ ಹೋದದ್ದು ಅದರಿಂದಲೇ. ಬರ್ಲಿನ್ನಿನಲ್ಲಿ 1919ರಲ್ಲಿ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ತೆರೆದ ಸಂಶೋಧನಾ ಸಂಸ್ಥೆ ಅಂದಿನ ಜಗತ್ತಿನಲ್ಲೇ ಅತಿ ಮುಕ್ತ ಜಾಗ. 1933ರ ಮೇ ತಿಂಗಳಲ್ಲಿ ನಾಜಿಗಳು ನುಗ್ಗಿ ಅದರ ಗ್ರಂಥಾಲಯವನ್ನು ಬೀದಿಗೆ ತಂದು ಸುಟ್ಟರು. ಇಂಗ್ಲೆಂಡು 1967ರಲ್ಲಿ ಸಜೆ ತೆಗೆಯಿತು, ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ರೋಗದ ಪಟ್ಟಿಯಿಂದ ತೆಗೆಯಿತು. ಇಂಗ್ಲಿಷರು 1860ರಲ್ಲಿ ನಮಗೆ ಬರೆದುಕೊಟ್ಟ 377ನೇ ಕಲಮನ್ನು ನಾವು 2018ರವರೆಗೂ ಜೋಪಾನ ಮಾಡಿಕೊಂಡು ಬಂದೆವು. ಅದನ್ನು ನಮ್ಮ ಸಂಸ್ಕೃತಿ ಅಂತ ವಾದಿಸಿದವರೂ ಇದ್ದರು!

ಪಶ್ಚಿಮದಲ್ಲಿ ಈಗ ಎಲ್ಲ ಇತ್ಯರ್ಥವಾಗಿದೆಯಾ ಅಂದ್ರೆ, ಇಲ್ಲ. ಆ್ಯಂಟನಿ ಕಾಮ್‌ಸ್ಟಾಕ್ ಅನ್ನುವವನ ಹಟಕ್ಕೆ ಅಮೆರಿಕ 1873ರಲ್ಲಿ ಒಂದು ಕಾಯ್ದೆ ಮಾಡಿತ್ತು. ಅಶ್ಲೀಲ ಸಾಹಿತ್ಯ, ಗರ್ಭನಿರೋಧಕ, ಗರ್ಭಪಾತದ ಸಾಮಾನು ಯಾವುದನ್ನೂ ಅಂಚೆಯಲ್ಲಿ ಕಳಿಸುವಂತಿಲ್ಲ. 1971ರಲ್ಲಿ ಅದರಿಂದ ಗರ್ಭನಿರೋಧಕದ ಮಾತನ್ನು ತೆಗೆದರು, ಉಳಿದದ್ದು ಪುಸ್ತಕದಲ್ಲಿ ಹಾಗೇ ಉಳಿಯಿತು. 2022ರಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತದ ಸಂವಿಧಾನಾತ್ಮಕ ಹಕ್ಕನ್ನು ತೆಗೆದುಹಾಕಿದ ಮೇಲೆ ಈ ಹಳೆ ಕಾಯ್ದೆಗೆ ಜೀವ ಬಂತು. ಅಂಚೆಯಲ್ಲಿ ಬರುವ ಗರ್ಭಪಾತದ ಮಾತ್ರೆಯನ್ನು ಇದರಡಿ ತಡೆಯಬಹುದು ಅಂತ 2023ರಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಧೀಶರೊಬ್ಬರು ತೀರ್ಪಿನಲ್ಲಿ ಬರೆದರು. ದಾವೆ ಹೂಡಿದವರಿಗೆ ಹಾಗೆ ದಾವೆ ಹೂಡುವ ಅಧಿಕಾರವೇ ಇಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಬದಿಗೆ ಸರಿಸಿತು. 1873ರ ಕಾಯ್ದೆ ಈ ಮಾತ್ರೆಗೆ ಅನ್ವಯಿಸುತ್ತೋ ಇಲ್ಲವೋ ಅನ್ನೋದನ್ನು ಅದು ಮುಟ್ಟಲಿಲ್ಲ.